ದೋಣಿಯಾಟದ ಐಬು

ನಮ್ಮೂರಿಗೆ ಸೊಸೆಯಾಗಿ ಬಂದವರು ಮೊದಲ ವಾರ ಅಳುವುದು ಇದ್ದದ್ದೇ. ನಾನೂ ಅತ್ತವಳೇ. ಮದುವೆಯ ಹೊಸತರಲ್ಲಿ, ಒಳ್ಳೆಯ ಹೆಸರು ತೆಗೆದುಕೊಳ್ಳೋಣವೆಂದು ಶಾವಿಗೆ ಪಾಯಸ ಮಾಡಿ ಎದುರುಮನೆ ಜಯಶೀಲಮ್ಮನಿಗೆ ಒಂದು ಬಟ್ಟಲು ತೆಗೆದುಕೊಂಡು ಹೋದೆ. ಆಕೆ ನನ್ನ ಮುಂದೆಯೇ ಒಂದು ಚಮಚ ಬಾಯಿಗಿಟ್ಟು, "ಏಲಕ್ಕಿ ಸಿಪ್ಪೆ ಹಲ್ಲಿಗೆ ಸಿಗ್ತದೆ ಕಣವ್ವ" ಎಂದಳು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅವಳ ಗಂಡ ತಲೆಯೆತ್ತದೆ "ಇರಲಿ ಬಿಡು" ಅಂದ. ಅಷ್ಟೇ. ಚೆನ್ನಾಗಿದೆ ಅಂತಲೂ ಇಲ್ಲ, ಕೂತ್ಕೋ ಅಂತಲೂ ಇಲ್ಲ. ನಾನು ಮನೆಗೆ ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ ನಮ್ಮ ಅತ್ತೆ ಚನ್ನಾಜಮ್ಮ ಬಂದರು.

"ಅಯ್ಯೋ ಹುಚ್ಚಿ, ಅವಳು ಐಬು ಹೇಳ್ದೆ ತಿಂದಿದ್ರೆ ನಿನ್ನ ಪಾಯಸ ಅವಳ ಹೊಟ್ಟೇಲಿ ನಿಲ್ತಿತ್ತೇನೆ? ಉಳಿಸ್ಕೋಬೇಕು ಅಂತ್ಲೇ ಹೇಳಿದ್ದು. ಬೇಡ ಅನ್ನಿಸಿದ್ರೆ ಚೆನ್ನಾಗಿದೆ ಅಂದು ಕಳಿಸ್ಬಿಡ್ತಿದ್ಲು" ಎಂದರು.

ನಮ್ಮೂರಲ್ಲಿ ಪುಕ್ಕಟೆ ಬಂದ ಯಾವುದಕ್ಕೇ ಆಗಲಿ, ದೀಪ ಹಚ್ಚುವ ಹೊತ್ತಿನೊಳಗೆ ಒಂದು ಐಬು ಹೇಳಬೇಕು. ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕೇಳಿಸಿಕೊಂಡು "ಇರಲಿ ಬಿಡು" ಅನ್ನಬೇಕು. ಐಬು ನಿಜವಾದದ್ದೇ ಆಗಿರಬೇಕು. ಸುಳ್ಳು ಐಬಾದರೆ ಕೇಳಿದವರು ಎಷ್ಟು ತಿಣುಕಿದರೂ ಆ ಮಾತು ಹೊರಡುವುದಿಲ್ಲ. ಹೇಳದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಆ ವಸ್ತು ಇರುವುದಿಲ್ಲ. ತಿಂದದ್ದಾದರೆ ಹಸಿವು ಹಾಗೇ ಇರುತ್ತದೆ, ಉಟ್ಟದ್ದಾದರೆ ಗೂಟ ಬರಿದಾಗಿರುತ್ತದೆ. ದುಡ್ಡು ಕೊಟ್ಟು ತಂದದ್ದಕ್ಕೆ ಈ ರಗಳೆ ಇಲ್ಲ. ಆದರೆ ಬದುಕಿನಲ್ಲಿ ಕೊಂಡು ತರುವುದಾದರೂ ಎಷ್ಟು? ಮಕ್ಕಳನ್ನು ಕೊಂಡು ತರುತ್ತಾರೆಯೇ?

ಮಗು ಹುಟ್ಟಿದ ಮನೆಯಲ್ಲಿ ನಮ್ಮ ಅತ್ತೆ ಇಲ್ಲದೆ ನಡೆಯುತ್ತಲೇ ಇರಲಿಲ್ಲ. ಹೆತ್ತವಳ ಕಣ್ಣಿಗೆ ಕೂಸಿನಲ್ಲಿ ಐಬು ಎಲ್ಲಿ ಕಾಣಬೇಕು? ಹೊತ್ತು ಇಳಿಯುತ್ತಾ ಬಂದ ಹಾಗೆ ಬಾಣಂತಿಗೆ ಗಾಬರಿ, ಮನೆಯವರಿಗೆಲ್ಲ ಗಾಬರಿ. ಅತ್ತೆ ಹೋಗಿ ಕೂಸನ್ನು ಮಡಿಲಿಗೆ ಹಾಕಿಕೊಂಡು, ಸಾವಕಾಶವಾಗಿ ತಿರುಗಿಸಿ ನೋಡಿ, "ಎಡಗಿವಿ ಒಂಚೂರು ಕೆಳಗದೆ" ಎನ್ನುವರು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ "ಇರಲಿ ಬಿಡಿ" ಎಂದು ಕಣ್ಣೊರೆಸಿಕೊಳ್ಳುವರು. ಅಂಥ ಕಣ್ಣು ಅವರದ್ದು. ನನಗೂ ಅವರೇ ಕಲಿಸಿದರು. ಐಬು ಹುಡುಕಬೇಕಾದರೆ ಮೊದಲು ಆ ವಸ್ತುವನ್ನು ಪ್ರೀತಿಯಿಂದ ನೋಡಬೇಕು, ಸಿಟ್ಟಿನಿಂದ ನೋಡಿದರೆ ನಿನ್ನ ಸಿಟ್ಟೇ ಕಾಣುತ್ತದೆ ಎನ್ನುತ್ತಿದ್ದರು.

ಅಂಥವರಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ಬಲಗೈಯಲ್ಲಿ ಇದನ್ನು ಅಮುಕಿಸುತ್ತಾ ಇರಿ, ಕೈ ಬಂದರೂ ಬರಬಹುದು, ಬಿಟ್ಟರೆ ಮಾತ್ರ ಶಾಶ್ವತವಾಗಿ ಹೋಗುತ್ತದೆ ಅಂದರು. ಅತ್ತೆ ಆ ಚೆಂಡನ್ನು ತಿರುಗಿಯೂ ನೋಡಲಿಲ್ಲ. ನಾನು ಕೈಯಲ್ಲಿಟ್ಟರೆ ಅದು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಅವರು ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ನಮ್ಮ ಯಜಮಾನರು ರಾಚಪ್ಪ, ಮುಂದಿನ ಕೋಣೆಯಲ್ಲಿ ಸ್ಕೂಲ್ ಯೂನಿಫಾರಂ ಹೊಲಿಯುವವರು, ಮಿಷನ್ ನಿಲ್ಲಿಸಿ ಆಗಾಗ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. 

ಇನ್ನು ಆಟಗಳ ವಿಷಯ. ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಯಜಮಾನರು ಕಸೂತಿ ಡಿಸೈನ್ ನೋಡಲೆಂದು ಒಂದು ಹಳೆಯ ಕಂಪ್ಯೂಟರ್ ಕೊಂಡಿದ್ದರು. ಅದನ್ನು ಅತ್ತೆಯ ಕೋಣೆಗೆ ತಂದಿಟ್ಟುಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಅವರ ಪಕ್ಕ ಕೂತು ಬ್ರೌಸರಿನಲ್ಲಿ ಬರುವ ಪುಕ್ಕಟೆ ಆಟ ಆಡುವುದು ನನ್ನ ಚಟವಾಯಿತು. ಆಟ ದಿನಾ ಹೊಸದಾಗಿ ತೆರೆದುಕೊಳ್ಳುವ ಪದಾರ್ಥ, ಆದ್ದರಿಂದ ಐಬನ್ನೂ ದಿನಾ ಹೇಳಬೇಕು. ನಿನ್ನೆಯ ಐಬೇ ಆದರೂ ನಡೆಯುತ್ತದೆ, ಅದು ಇವತ್ತೂ ಇದ್ದರೆ ಸರಿ. ನಾನು ಹೇಳುತ್ತಿದ್ದೆ, ಅತ್ತೆ ಕೇಳಿಸಿಕೊಂಡು ನಿಧಾನವಾಗಿ ಎರಡೂ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಅವರಿಗೆ "ಇರಲಿ ಬಿಡು" ಅನ್ನಲು ಉಳಿದದ್ದು ಅಷ್ಟೇ. ನಮ್ಮೂರು ಅದನ್ನು ಒಪ್ಪಿಕೊಂಡಿತು.

ಆ ಆಟಗಳಿಗೆ ಐಬಿನ ಬರ ಎಂಬುದೇ ಇಲ್ಲ. ತೋಟದ ಆಟ ಒಂದಿದೆ, ಬದನೆಕಾಯಿ ಬೀಜ ಹಾಕಿ ಅರ್ಧ ದಿನ ಕಾಯಬೇಕು, ಕಾಯಲಾರೆ ಅಂದರೆ ಹತ್ತು ಜನ ಗೆಳೆಯರನ್ನು ಕರೆದುಕೊಂಡು ಬಾ ಅನ್ನುತ್ತದೆ. ಬದನೆಕಾಯಿಗೋಸ್ಕರ ನಾನು ಯಾರನ್ನು ಕರೆಯಲಿ? ಹೋಟೆಲ್ ಆಟದಲ್ಲಿ ಗಿರಾಕಿಗಳು ಬಂದು ಕೂತ ತಕ್ಷಣ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ, ದೋಸೆ ಹೆಂಚಿನ ಮೇಲಿರುವಾಗಲೇ ಎದ್ದು ಹೋಗುತ್ತಾರೆ. ಅಂಥ ಗಿರಾಕಿಗಳನ್ನು ನಾನು ಎಲ್ಲೂ ಕಂಡಿಲ್ಲ. ಇಸ್ಪೀಟಿನ ಆಟದಲ್ಲಿ ದೇಶ ವಿದೇಶದವರು ಎದುರಿಗೆ ಕೂತಿದ್ದಾರೆ ಅಂತ ಹೆಸರು ತೋರಿಸುತ್ತದೆ, ಆದರೆ ಎಲ್ಲರೂ ಒಂದೇ ಹೊತ್ತಿಗೆ ಎಲೆ ಹಾಕುತ್ತಾರೆ, ಒಬ್ಬರೂ ಯೋಚಿಸುವುದಿಲ್ಲ, ಒಬ್ಬರೂ ಒಂದಕ್ಕೆಂದು ಎದ್ದು ಹೋಗುವುದಿಲ್ಲ. ಮೆಷಿನ್ನೇ ಅಷ್ಟೂ ಜನರ ವೇಷ ಹಾಕಿಕೊಂಡು ಕೂತಿದೆ ಎಂದು ಗೊತ್ತಾಗದಷ್ಟು ದಡ್ಡಿಯೇ ನಾನು? ಒಂದು ಸುತ್ತು ಆಡಿದರೆ ಎರಡು ಜಾಹೀರಾತು. ಜಾಹೀರಾತು ಮುಚ್ಚುವ ಗುಂಡಿ ಸಾಸಿವೆಯಷ್ಟು, ಅದನ್ನು ಒತ್ತಲು ಹೋದರೆ ಪಕ್ಕದ್ದು ಒತ್ತಿ ಯಾವುದೋ ಟೈರಿನ ಅಂಗಡಿ ತೆರೆದುಕೊಳ್ಳುತ್ತದೆ. ಕಾರಿನ ಆಟದಲ್ಲಿ ಬಾಣದ ಕೀ ಒತ್ತಿದರೆ ಕಾರಿನ ಜೊತೆ ಇಡೀ ಪುಟವೇ ಕೆಳಕ್ಕೆ ಜಾರುತ್ತದೆ, ಕಾರು ಮೇಲೆಲ್ಲೋ ಗೋಡೆಗೆ ಗುದ್ದಿದ ಸದ್ದು ಮಾತ್ರ ಕೇಳುತ್ತದೆ. ವಾರಗಟ್ಟಲೆ ಆಡಿ ಕೂಡಿಟ್ಟದ್ದು ಬ್ರೌಸರ್ ಒಂದು ಸಲ ಕೆಟ್ಟರೆ ತೊಳೆದುಹೋಗುತ್ತದೆ. ಇಷ್ಟೆಲ್ಲ ಬೈದರೂ ಮರುದಿನ ಅದೇ ಆಟ ತೆರೆಯುತ್ತಿದ್ದೆ. ನಮ್ಮೂರಲ್ಲಿ ಇಂಥ ಆಟಗಳಿಗೆ ಒಳ್ಳೆಯ ಆಯುಸ್ಸು.

ದೋಣಿಯಾಟ ಸಿಕ್ಕಿದ್ದು ಹೀಗೇ ಹುಡುಕಾಡುವಾಗ. ಅದು ದೊಡ್ಡ ಕಂಪನಿಯ ಆಟವಲ್ಲ, ಯಾರೋ ಒಬ್ಬರೇ ಕೂತು ಮಾಡಿದ್ದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಜಾಹೀರಾತು ಇರಲಿಲ್ಲ. ಕೆಳಗೆ ಈಚೆ ದಡ, ಮೇಲೆ ಆಚೆ ದಡ, ನಡುವೆ ಎಡದಿಂದ ಬಲಕ್ಕೆ ಹರಿಯುವ ಹೊಳೆ, ಅದರಲ್ಲಿ ತೇಲಿ ಹೋಗುವ ಒಣಗಿದ ಎಲೆಗಳು. ಈಚೆ ದಡಕ್ಕೆ ಜನ ಬಂದು ನಿಲ್ಲುತ್ತಾರೆ. ಆಡು ಹಿಡಿದ ಮುದುಕ, ಮಡಕೆ ಹೊತ್ತ ಹೆಂಗಸು, ಬ್ಯಾಗು ಹಾಕಿಕೊಂಡ ಎರಡು ಜಡೆಯ ಶಾಲೆಯ ಹುಡುಗಿ. ಅವರನ್ನು ಆಚೆ ದಾಟಿಸಬೇಕು. ಕೀಬೋರ್ಡಿನ ಉದ್ದನೆಯ ಸ್ಪೇಸ್ ಬಾರ್ ಒಂದನ್ನು ಒತ್ತಿದರೆ ಒಂದು ಹುಟ್ಟು. ಅಷ್ಟೇ ಆಟ. ಮೊದಲ ದಿನವೇ ಹೊಳೆ ನಡುವೆ ದೋಣಿ ಕಾರಣವಿಲ್ಲದೆ ವಾಲಿತು, ಆಡು ದೊಪ್ಪನೆ ನೀರಿಗೆ ಬಿತ್ತು, ಬರೀ ತಲೆ ಮೇಲಿಟ್ಟುಕೊಂಡು ಈಜುತ್ತಾ ಹೋಗಿ ಆಚೆ ದಡದ ಒಳಕ್ಕೇ ನುಗ್ಗಿ ಮಣ್ಣಿನಲ್ಲಿ ಮಾಯವಾಯಿತು. ಮುದುಕ ಬರಿಗೈಯಲ್ಲಿ ಹಗ್ಗ ಹಿಡಿದು ಗಂಭೀರವಾಗಿ ನಡೆದುಹೋದ.

ನನ್ನ ಹಿಂದೆ ಗೊರಗೊರ ಸದ್ದು ಕೇಳಿತು. ಗಾಬರಿಯಿಂದ ತಿರುಗಿದೆ. ಅತ್ತೆ ನಗುತ್ತಿದ್ದರು. ಅರ್ಧ ಮುಖವಷ್ಟೇ ನಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಲಕ್ವ ಹೊಡೆದ ಮೇಲೆ ಅವರ ಗಂಟಲಿನಿಂದ ಬಂದ ಮೊದಲ ಸದ್ದು ಅದು. ಯಜಮಾನರು ಮಿಷನ್ ಬಿಟ್ಟು, ಕತ್ತಿನಲ್ಲಿ ಟೇಪು ನೇತಾಡುತ್ತಿರುವ ಹಾಗೇ ಓಡಿ ಬಂದರು.

"ಏನಾಯ್ತು ಅವ್ವನಿಗೆ?"

"ಆಡು ಬಿತ್ತು ಕಣ್ರೀ" ಎಂದೆ. ಬೇರೆ ಏನು ಹೇಳಲಿ?

ಮಾರನೆಯ ದಿನ ಕೀಬೋರ್ಡನ್ನು ಹಾಸಿಗೆಯ ಮೇಲೆ ಇಟ್ಟು, ಅತ್ತೆಯ ಬಲಗೈಯನ್ನು ಆ ಉದ್ದ ಕೀಲಿಯ ಮೇಲಿಟ್ಟೆ. ಬಹಳ ಹೊತ್ತು ಏನೂ ಆಗಲಿಲ್ಲ. ದಡದಲ್ಲಿ ಮಡಕೆಯ ಹೆಂಗಸು ಕಾಯುತ್ತಾ ನಿಂತಿದ್ದಳು. ಆಮೇಲೆ ತೋರುಬೆರಳು ನಡುಗಿತು, ಕೀಲಿ ಕೆಳಗಿಳಿಯಿತು, ದೋಣಿ ಒಂದು ಮೊಳ ಮುಂದೆ ಹೋಯಿತು. ಡಾಕ್ಟರ ಚೆಂಡಿಗೆ ಬಾರದ ಬೆರಳು ಮಡಕೆಯವಳನ್ನು ದಾಟಿಸಲು ಬಂತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅಂದಿನಿಂದ ದಿನಾ ದೋಣಿಯಾಟ. ತಿಂಗಳು ಕಳೆಯುವಷ್ಟರಲ್ಲಿ ಬೆರಳಿನ ಜೊತೆ ಅಂಗೈಯೂ ಅಲುಗತೊಡಗಿತು. ಅತ್ತೆಯ ಕೈ ಉಳಿಯಬೇಕಾದರೆ ಆ ಆಟ ಉಳಿಯಬೇಕು ಎಂಬುದು ನಮ್ಮಿಬ್ಬರಿಗೂ ಬಾಯಿಬಿಟ್ಟು ಹೇಳದೆಯೇ ತಿಳಿಯಿತು.

ಇಲ್ಲಿ ನಾನು ಮಾಡಿದ ಕೆಲಸವನ್ನು ನಮ್ಮೂರಿನವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆಟದ ಕೆಳಗೆ ಅನಿಸಿಕೆ ಬರೆಯುವ ಒಂದು ಚೌಕ ಇತ್ತು. ಇಷ್ಟು ಉಪಕಾರ ಮಾಡಿದವರಿಗೆ ಒಂದು ಒಳ್ಳೆಯ ಮಾತು ಬರೆಯೋಣ ಎನಿಸಿತು. ಒಳ್ಳೆಯ ಮಾತೆಂದರೆ ನಮಗೆ ಗೊತ್ತಿರುವುದು ಒಂದೇ ಬಗೆ. ಬರೆದೆ: "ಸ್ಪೇಸ್ ಬಾರ್ ಒತ್ತಿದರೆ ದೋಣಿಯ ಜೊತೆ ಪುಟವೂ ಜಾರುತ್ತದೆ. ನೀರಿನ ಸದ್ದು ನೀರಿನ ಹಾಗಿಲ್ಲ, ಅಕ್ಕಿ ಕೇರಿದ ಹಾಗಿದೆ. ಆಡು ದಡದೊಳಗೆ ನುಗ್ಗುತ್ತದೆ." ಮನಸ್ಸು ತುಂಬಿ ಬರೆದದ್ದು.

ಎರಡು ದಿನಕ್ಕೆ ಉತ್ತರ ಬಂತು. ಆಟ ಮಾಡಿದವರ ಹೆಸರು ಧರಣೇಂದ್ರ. ಯಾವ ಊರೋ ಏನೋ, ಬ್ಯಾಂಕಿನಲ್ಲಿ ಕೆಲಸವಂತೆ, ಸಂಜೆ ಬಂದು ಆಟ ಕಟ್ಟುತ್ತಾರಂತೆ. "ಮೇಡಂ, ನನ್ನ ಆಟಕ್ಕೆ ಇವತ್ತಿನವರೆಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಇಷ್ಟು ಗಮನವಿಟ್ಟು ಆಡಿದ್ದೀರಿ ಎಂದು ತಿಳಿದು ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ಮೂರನ್ನೂ ಸರಿಪಡಿಸಿದ್ದೇನೆ. ದಯವಿಟ್ಟು ಇನ್ನೂ ಬರೆಯಿರಿ."

ಸರಿಪಡಿಸಿದ್ದೇನೆ ಎಂಬುದನ್ನು ಓದಿದವಳೇ ಪುಟವನ್ನು ಮೇಲಕ್ಕೆ ಸರಿಸಿದೆ. ಆಟ ತೆರೆದು ನೋಡಿದರೆ ನಿಜ. ಪುಟ ಜಾರಲಿಲ್ಲ. ನೀರು ನೀರಿನ ಹಾಗೇ ಸದ್ದು ಮಾಡಿತು. ಆಡು ಮುದುಕನ ಪಕ್ಕ ತಣ್ಣಗೆ ನಿಂತು ಆಚೆ ದಡ ಸೇರಿತು. ಅತ್ತೆ ಆಡು ಬೀಳುವುದನ್ನೇ ಕಾದು, ಬೀಳದಿದ್ದಾಗ ನನ್ನ ಮುಖ ನೋಡಿದರು. ಅವತ್ತು ಹೊಸ ಐಬು ಹುಡುಕಿಕೊಳ್ಳಬೇಕಾಯಿತು. ಮಡಕೆಯವಳ ಎರಡೂ ಪಾದ ಒಂದೇ ಕಾಲಿನವು ಎಂದು ಹೇಳಿ ಆ ದಿನ ಉಳಿಸಿಕೊಂಡೆ. ಬರೆಯಲಿಲ್ಲ, ಬುದ್ಧಿ ಬಂದಿತ್ತು. ಆದರೆ ಆ ಮನುಷ್ಯನಿಗೆ ಐಬು ಹುಡುಕುವ ರುಚಿ ಹತ್ತಿಬಿಟ್ಟಿತ್ತು. ನನ್ನ ಹಾಗೆ ನೋಡುವುದನ್ನು ತಾನೇ ಕಲಿತುಬಿಟ್ಟ. ಮಡಕೆಯವಳ ಪಾದ ಸರಿಹೋಯಿತು. ಬಿಸಿಲು ಒಂದು ಕಡೆಯಿಂದ, ನೆರಳೂ ಅದೇ ಕಡೆಗೆ ಬೀಳುತ್ತಿದ್ದದ್ದು ಸರಿಹೋಯಿತು. ಹುಟ್ಟು ನೀರಿಗೆ ತಾಗದೆ ಮೇಲೆಯೇ ಆಡುತ್ತಿದ್ದದ್ದೂ ಸರಿಹೋಯಿತು. ಪ್ರತಿ ಸಲವೂ ಚೌಕದಲ್ಲಿ ಒಂದು ಸಾಲು: "ಮೇಡಂ, ನೀವು ನೋಡಿದರೆ ಏನು ಹೇಳುತ್ತೀರಿ ಎಂದುಕೊಂಡು ನೋಡಿದೆ, ಸಿಕ್ಕಿತು." ಬೈಯಲೂ ಆಗದು. ಅಷ್ಟು ಒಳ್ಳೆಯ ಮನುಷ್ಯನನ್ನು ಏನೆಂದು ಬೈಯುವುದು?

"ಕೊಂಡ್ಕೊಂಡುಬಿಡೋಣ. ದುಡ್ಡು ಕೊಟ್ರೆ ತಾಪತ್ರಯವೇ ಇಲ್ವಲ್ಲ" ಎಂದರು ಯಜಮಾನರು. ಬರೆದೆ. ನಿಮ್ಮಿಂದ ದುಡ್ಡು ತೆಗೆದುಕೊಂಡರೆ ನನ್ನ ಕೈ ಸೇದಿಹೋಗುತ್ತದೆ ಎಂದು ಉತ್ತರ ಬಂತು. ಕೊನೆಗೆ ನಮ್ಮೂರಿನ ಪದ್ಧತಿಯನ್ನೇ ಬಿಡಿಸಿ ಬರೆದೆ. "ಎಷ್ಟು ಚೆಂದದ ಕಥೆ ಮೇಡಂ, ಇದನ್ನೂ ಒಂದು ಆಟ ಮಾಡಬಹುದು" ಎಂದರು. ಹೊರಗಿನವರಿಗೆ ಹೇಳಿ ಏನು ಪ್ರಯೋಜನ? ಆಡು ಬೀಳುವುದನ್ನಾದರೂ ವಾಪಸ್ ಹಾಕಿ ಎಂದು ಅಂಗಲಾಚಿದೆ. ಪಾಪ, ಹಾಕಿದರು. ಈಗ ಆಡು ಚೆನ್ನಾಗಿ ಬೀಳುತ್ತಿತ್ತು, ನೀರು ಅಚ್ಚುಕಟ್ಟಾಗಿ ಸಿಡಿಯುತ್ತಿತ್ತು, ಈಜಿ ದಡ ಹತ್ತಿ ಮೈ ಕೊಡವುತ್ತಿತ್ತು. ಅತ್ತೆ ನಗಲಿಲ್ಲ. "ಆಡು ಬೀಳ್ತದೆ ಅತ್ತೆ" ಎಂದು ನಾನು ಐಬು ಹೇಳಿದಾಗ ಅವರ ಕಣ್ಣು ಮುಚ್ಚಲೇ ಇಲ್ಲ. ಬೇಕೆಂದು ಇಟ್ಟದ್ದು ಐಬಲ್ಲ. ಅವತ್ತು ಹೊಳೆಯ ಮೇಲಿನ ಹಕ್ಕಿ ರೆಕ್ಕೆ ಬಡಿಯದೆ ಹಾರುತ್ತದೆ ಎಂಬುದು ಕಣ್ಣಿಗೆ ಬಿದ್ದು ಬಚಾವಾದೆ. ಮೂರನೇ ದಿನ ಹಕ್ಕಿ ರೆಕ್ಕೆ ಬಡಿಯಿತು.

ಒಂದು ಸಂಜೆ ನನಗೆ ಏನೂ ಸಿಗಲಿಲ್ಲ. ಮಧ್ಯಾಹ್ನದಿಂದ ಕಣ್ಣು ನೆಟ್ಟು ಕೂತಿದ್ದೆ. ಆಟ ತಿದ್ದಿ ತಿದ್ದಿ ಅಷ್ಟು ಚೆಂದವಾಗಿತ್ತು. ಬಿಸಿಲು ಕಿಟಕಿಯ ಕೆಳಗಿನ ಸರಳಿಗೆ ಬಂದಿತ್ತು. ಅತ್ತೆ ಹುಡುಗಿಯನ್ನು ಆಚೆ ದಡಕ್ಕೆ ಇಳಿಸಿ, ದೋಣಿಯನ್ನು ಅಲ್ಲೇ ನಿಲ್ಲಿಸಿಕೊಂಡು ಸುಮ್ಮನಿದ್ದರು. ಈಚೆ ದಡದಲ್ಲಿ ಮುದುಕ ಕಾಯುತ್ತಿದ್ದರೂ ಹುಟ್ಟು ಹಾಕಲಿಲ್ಲ. ಕೆಲವು ದಿನಗಳಿಂದ ಹೀಗೇ ಮಾಡುತ್ತಿದ್ದರು. ಕೈ ಸೋತಿತೇನೋ ಎಂದುಕೊಂಡು ನಾನು ಆಟ ಮುಚ್ಚುತ್ತಿದ್ದೆ.

"ಅತ್ತೆ, ಇವತ್ತು ಹೋಯ್ತು. ನನ್ನ ಕೈಲಾಗಲಿಲ್ಲ" ಎಂದೆ.

ಯಜಮಾನರು ಬಾಗಿಲಲ್ಲಿ ನಿಂತು ಪರದೆ ನೋಡುತ್ತಿದ್ದರು. ಅವರಿಗೆ ಆಟದ ತಲೆಬುಡ ಗೊತ್ತಿಲ್ಲ. "ಅವ್ವ ಕಾಯ್ತಿದಾಳೆ ಕಣೆ" ಎಂದರು.

"ಯಾರನ್ನ?"

"ಆ ಹುಡುಗೀನ. ಸ್ಕೂಲು ಬಿಡೋ ಹೊತ್ತಾಯ್ತಲ್ಲ. ನಾನು ಹತ್ತನೇ ಕ್ಲಾಸಿಗೆ ಬಂದ್ರೂ ಅವ್ವ ಬೀದಿ ತುದೀಲಿ ನಿಂತಿರೋಳು. ಹುಡುಗ್ರೆಲ್ಲ ಆಡ್ಕೊಳೋರು. ನಾಚ್ಕೆ ಆಗಿ ಸುತ್ತು ಬಳಸಿ ಮನೆಗೆ ಬಂದ್ರೆ, ಕತ್ತಲಾದ್ರೂ ಅಲ್ಲೇ ನಿಂತಿರೋಳು."

ನಾನು ಪರದೆ ನೋಡಿದೆ. ಅಷ್ಟು ತಿಂಗಳು ಆಡಿದವಳು, ಐಬು ಹುಡುಕುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದುಕೊಂಡಿದ್ದವಳು, ಇದನ್ನು ಕಂಡಿರಲಿಲ್ಲ. ಆ ಆಟದಲ್ಲಿ ದಾಟಿಸಿದವರು ಯಾರೂ ತಿರುಗಿ ಬರುವುದಿಲ್ಲ. ಮುದುಕ ಹೋದವನು ಹೋದ. ಮಡಕೆಯವಳೂ ಹೋದಳು. ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಶಾಲೆಗೆ ಹೋದ ಹುಡುಗಿ ಒಂದು ಸಂಜೆಯಾದರೂ ಮನೆಗೆ ಬಂದಿಲ್ಲ. ಅತ್ತೆ ಒಬ್ಬರೇ ದೋಣಿ ನಿಲ್ಲಿಸಿಕೊಂಡು ಅವಳಿಗಾಗಿ ಕಾಯುತ್ತಿದ್ದರು.

"ಅತ್ತೆ, ಆ ಮಗು ವಾಪಸ್ ಬರಲ್ಲ" ಎಂದೆ. ಅತ್ತೆ ಎರಡೂ ಕಣ್ಣು ಮುಚ್ಚಿದರು, ಬಹಳ ಹೊತ್ತಾದ ಮೇಲೆ ತೆರೆದರು. ಮರುದಿನ ಆಟ ಇತ್ತು.

ಇನ್ನು ಗೆದ್ದ ಹಾಗೇ ಎಂದುಕೊಂಡೆ. ಧರಣೇಂದ್ರರಿಗೆ ಈ ಐಬು ಕಂಡಿರಲಿಲ್ಲ, ಕಾಣುವಂಥದ್ದೂ ಅಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಆಟ ವರ್ಷಗಟ್ಟಲೆ ಉಳಿಯುತ್ತದೆ. "ಏನಾದರೂ ಐಬು ಕಂಡಿತೇ ಮೇಡಂ?" ಎಂದು ಅವರು ಕೇಳುವರು, "ಏನೂ ಇಲ್ಲ" ಎಂದು ನಾನು ಬರೆಯುವೆ. ಆ ಮನುಷ್ಯನಿಗೆ ಅದರಿಂದ ಖುಷಿಯಾಗುತ್ತಿತ್ತೋ ಬೇಸರವಾಗುತ್ತಿತ್ತೋ ತಿಳಿಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಬೇರೆಯೇ ಆಗುತ್ತಿತ್ತು. ಐಬು ಬಾಯಿಬಿಟ್ಟು ಹೇಳಿದ ಮೇಲೆ ಅತ್ತೆಗೆ ಅದು ಇನ್ನಷ್ಟು ನಾಟಿತೋ ಏನೋ. ದಿನಾ ಮೊದಲು ಹುಡುಗಿಯನ್ನೇ ದಾಟಿಸುವರು, ಆಮೇಲೆ ಕೀಲಿ ಮುಟ್ಟುತ್ತಿರಲಿಲ್ಲ. ದೋಣಿ ಆಚೆ ದಡದಲ್ಲಿ, ಕೈ ಹಾಸಿಗೆಯ ಮೇಲೆ. ಎರಡು ವಾರದಲ್ಲಿ ಬೆರಳು ಮತ್ತೆ ಸೆಟೆದುಕೊಳ್ಳತೊಡಗಿತು. ಗಂಜಿ ಅರ್ಧಕ್ಕೇ ಬೇಡವೆಂದು ಮುಖ ತಿರುಗಿಸುವರು.

"ಬರೆದುಬಿಡು ಮಂಗಳಾ" ಎಂದರು ಯಜಮಾನರು.

"ಬರೆದ್ರೆ ಅವರು ಸರಿ ಮಾಡ್ತಾರೆ. ಸರಿ ಮಾಡಿದ ಮೇಲೆ ಅದ್ರಲ್ಲಿ ಇನ್ನೇನೂ ಐಬು ಉಳಿಯಲ್ಲ ಕಣ್ರೀ. ಒಂದು ದಿನಕ್ಕೆ ಆಟ ಹೋಯ್ತು. ಕೈ ಗತಿ ಏನು?"

"ಈಗ್ಲಾದ್ರೂ ಕೈ ಎಲ್ಲಿ ಆಡ್ತಾ ಇದೆ?"

ನನಗೆ ಸಿಟ್ಟು ಬಂತು. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅತ್ತೆಯ ಪಕ್ಕ ಕೂತು ಅವರನ್ನೇ ಕೇಳಿದೆ. ಅವರ ಆಟ, ಅವರ ಕೈ, ಕೇಳಬೇಕಾದದ್ದು ಅವರನ್ನಲ್ಲವೇ?

"ಅತ್ತೆ, ಆ ಹುಡುಗಿ ವಾಪಸ್ ಬರೋ ಹಾಗೆ ಮಾಡಿಸ್ಬೋದು. ಆದ್ರೆ ಒಂದೇ ಸಂಜೆ. ಆಮೇಲೆ ದೋಣಿ ಇರಲ್ಲ, ಹೊಳೆ ಇರಲ್ಲ, ಯಾರೂ ಇರಲ್ಲ. ಬರೀಲಾ?"

ಅವರು ನನ್ನನ್ನು ನೋಡಿದರು. ಹಳೆಯ ಚನ್ನಾಜಮ್ಮ ಮಡಿಲಲ್ಲಿ ಕೂಸಿಟ್ಟುಕೊಂಡು ಬಾಣಂತಿಯನ್ನು ನೋಡುತ್ತಿದ್ದರಲ್ಲ, ಅದೇ ನೋಟ. ಆಮೇಲೆ ಕಣ್ಣು ಮುಚ್ಚಿ ತೆರೆದರು.

ಬರೆದೆ. ನಾಲ್ಕು ದಿನ ಏನೂ ಬರಲಿಲ್ಲ. ಐದನೆಯ ದಿನ ಧರಣೇಂದ್ರರ ಉತ್ತರ ಬಂತು. "ಮೇಡಂ, ನಿಮ್ಮ ಮಾತು ಓದಿ ಅವತ್ತು ಬ್ಯಾಂಕಿನಲ್ಲಿ ಕೆಲಸ ಮಾಡಲಾಗಲಿಲ್ಲ. ಎಲ್ಲರನ್ನೂ ದಾಟಿಸಿ ಅಲ್ಲೇ ಬಿಟ್ಟುಬಂದಿದ್ದೆನಲ್ಲ, ನನಗೆ ಹೊಳೆಯಲೇ ಇಲ್ಲವಲ್ಲ. ಈಗ ಬರುತ್ತಾರೆ. ನೋಡಿ."

ಯಜಮಾನರು ಮಧ್ಯಾಹ್ನವೇ ಮಿಷನ್ನಿಗೆ ಬಟ್ಟೆ ಹೊದಿಸಿ ಬಂದರು. ಅತ್ತೆಯ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದೆವು. ಅವರು ಎಲ್ಲರನ್ನೂ ಆಚೆಗೆ ದಾಟಿಸಿದರು. ಕೈ ಎರಡು ವಾರ ಮಲಗಿದ್ದರಿಂದ ಮೊದಮೊದಲು ಬಹಳ ತಡವಾಯಿತು, ಮುದುಕ ದಡದಲ್ಲಿ ಕೂತೇಬಿಟ್ಟ. ಹುಡುಗಿ ಇಳಿದು ಹೋದಳು. ದೋಣಿ ಆಚೆ ದಡದಲ್ಲಿ ನಿಂತಿತು. ಅತ್ತೆ ಕಾದರು.

ಆಟದೊಳಗೆ ಬೆಳಕು ಹಳದಿಯಾಯಿತು. ಎಲ್ಲೋ ಗಂಟೆ ಹೊಡೆಯಿತು. ಮರಗಳ ಸಂದಿಯಿಂದ ಆ ಹುಡುಗಿ ಓಡಿ ಬಂದಳು, ಬ್ಯಾಗು ಬೆನ್ನಿಗೆ ಬಡಿಯುತ್ತಿತ್ತು, ಒಂದು ಜಡೆ ಬಿಚ್ಚಿಹೋಗಿತ್ತು. ದೋಣಿಗೆ ಹಾರಿ ಕೂತಳು. ಅತ್ತೆಯ ಗಂಟಲಿನಿಂದ ಒಂದು ಸದ್ದು ಬಂತು, ನಗುವೋ ಅಳುವೋ ನನಗೆ ತಿಳಿಯದು. ಕೈ ಕೀಲಿ ಒತ್ತಿತು, ಬಿಟ್ಟಿತು, ಒತ್ತಿತು. ಈಚೆ ದಡದಲ್ಲಿ ಇಷ್ಟು ದಿನ ಮಂಕಾಗಿದ್ದ ಒಂದು ಗುಡಿಸಲಲ್ಲಿ ದೀಪ ಹತ್ತಿತು, ಹುಡುಗಿ ಅದರೊಳಗೆ ಓಡಿಹೋದಳು. ಅತ್ತೆ ನಿಲ್ಲಲಿಲ್ಲ. ಮತ್ತೆ ಆಚೆ ಹೋಗಿ, ಮಡಕೆ ಮಾರಿ ಬರಿಗೈಯಲ್ಲಿ ಬಂದ ಹೆಂಗಸನ್ನು ಕರೆತಂದರು. ಮುದುಕನನ್ನು ಕರೆತಂದರು, ಆಡನ್ನು ಕರೆತಂದರು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಯಜಮಾನರು ಒರೆಸಲು ಹೋದರೆ ತಲೆ ಕೊಡವಿದರು. ಆಚೆ ದಡದಲ್ಲಿ ಒಬ್ಬರೂ ಉಳಿಯಲಿಲ್ಲ. ಈಚೆಯ ಗುಡಿಸಲುಗಳಲ್ಲೆಲ್ಲ ದೀಪ ಉರಿಯುತ್ತಿತ್ತು.

ನಮ್ಮ ಕಿಟಕಿಯಲ್ಲಿ ಬಿಸಿಲು ಕೆಳಗಿನ ಸರಳಿನಿಂದಲೂ ಜಾರುತ್ತಿತ್ತು. ನಾನು ಸುಮ್ಮನೆ ಕೂತಿದ್ದೆ, ಆದರೆ ಕಣ್ಣು ಸುಮ್ಮನಿರಬೇಕಲ್ಲ. ವರ್ಷಗಟ್ಟಲೆ ಪಳಗಿದ ಕಣ್ಣು. ಹೊಳೆಯ ಮೇಲಿನ ಒಣಗಿದ ಎಲೆಗಳನ್ನು ನೋಡಿದೆ. ಹೋಗುವಾಗ ಅವು ಎಡದಿಂದ ಬಲಕ್ಕೆ ತೇಲುತ್ತಿದ್ದವು. ಬರುವಾಗ ಬಲದಿಂದ ಎಡಕ್ಕೆ ತೇಲುತ್ತಿದ್ದವು. ಧರಣೇಂದ್ರರು ಅವಸರದಲ್ಲಿ ಚಿತ್ರವನ್ನು ತಿರುಗಿಸಿ ಹಾಕಿದ್ದರು, ಜನ ವಾಪಸ್ ಬರುವಾಗ ಹೊಳೆಯೇ ಹಿಂದಕ್ಕೆ ಹರಿಯುತ್ತಿತ್ತು.

ಐಬು. ನಿಜವಾದ ಐಬು. ನಾನು ಬರೆಯದೆ ಇದ್ದರೆ ಅವರಿಗೆ ಎಂದೂ ಕಾಣದು. ಹುಡುಗಿಯೂ ದಿನಾ ಮನೆಗೆ ಬರುತ್ತಾಳೆ, ಆಟವೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ. ಅತ್ತೆಯ ಕಡೆ ಬಗ್ಗಿದೆ.

"ಅತ್ತೆ, ಸಿಕ್ತು. ಬರೋವಾಗ ಹೊಳೆ..."

ಅತ್ತೆಯ ಬಲಗೈ ಕೀಬೋರ್ಡನ್ನು ಬಿಟ್ಟು ಮೇಲೆದ್ದಿತು. ಅದು ಹಾಸಿಗೆಯಿಂದ ಒಂದು ಗೇಣೂ ಏಳುವುದನ್ನು ನಾವು ಆವರೆಗೆ ಕಂಡಿರಲಿಲ್ಲ. ನಡುಗುತ್ತಾ, ನಿಧಾನವಾಗಿ, ನನ್ನ ಎದೆಯ ಮಟ್ಟಕ್ಕೆ ಬಂತು, ಗಲ್ಲದ ಮಟ್ಟಕ್ಕೆ ಬಂತು, ಆಮೇಲೆ ಅಂಗೈ ನನ್ನ ಬಾಯಿಯ ಮೇಲೆ ಬಂದು ಕೂತಿತು. ಬೆಚ್ಚಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ನಾನು ಹೇಳಲು ಹೊರಟಿದ್ದನ್ನು ಅವರು ನನಗಿಂತ ಮೊದಲೇ ಕಂಡಿದ್ದರು. ತಲೆಯನ್ನು ಅಡ್ಡಡ್ಡ ಆಡಿಸಿದರು, ಬೇಡ. ಪರದೆಯ ಕಡೆ ಕಣ್ಣು ಮಾಡಿದರು. ಅಲ್ಲಿ ಎಲ್ಲರೂ ಮನೆ ಸೇರಿದ್ದರು, ಇನ್ನು ಯಾರನ್ನೂ ಆಚೆ ಕಳಿಸುವುದು ಬೇಡ ಎನ್ನುವ ಹಾಗೆ.

ನಾನು ಬಿಡಿಸಿಕೊಳ್ಳಬಹುದಿತ್ತು, ಅದೇನು ಅಂಥ ಬಲದ ಕೈಯಲ್ಲ. ಬಿಡಿಸಿಕೊಳ್ಳಲಿಲ್ಲ. ಯಜಮಾನರು ಮಂಚದ ಆಚೆ ಬದಿಯಲ್ಲಿ ಕೂತು ಅಳುತ್ತಿದ್ದರು. ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತಿತು, ಐಬು ಹೇಳುವ ಹೊತ್ತು ದಾಟಿತು. ನಮ್ಮ ಮನೆಯ ದೀಪ ಹಚ್ಚಲು ಯಾರೂ ಏಳಲಿಲ್ಲ, ಆಟದ ಬೆಳಕು ನಮ್ಮ ಮೂವರ ಮುಖದ ಮೇಲೂ ಬೀಳುತ್ತಿತ್ತು, ಅತ್ತೆಯ ಕೈ ನನ್ನ ಬಾಯಿಯ ಮೇಲೆ ಹಾಗೇ ಇತ್ತು.